ಅಜ್ಜಿ ಹೇಳುತ್ತಿದ್ದ ದಂಡು

"ನಮ್ಮ ತಾತ ದಂಡಿಗೆ ಹಾಲು ಹಾಕ್ತಿದ್ದ" ಅಂತ ನಮ್ಮಜ್ಜಿ ಆಗಾಗ ಹೇಳುತ್ತಿದ್ದರು. ಅಜ್ಜಿಯ ತವರು ಪಾಂಡವಪುರ. ಅಲ್ಲಿ ಎಲ್ಲಿಯ ದಂಡು? ಕಬ್ಬು, ಸಕ್ಕರೆ ಕಾರ್ಖಾನೆ, ಕುಂತಿಬೆಟ್ಟ ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ.

ರಿಟೈರ್ ಆದ ಮೇಲೆ ಪುರುಸೊತ್ತು ಜಾಸ್ತಿ. ಎರಡು ವಾರ ಗೂಗಲ್‌ನಲ್ಲಿ ತಡಕಾಡಿದೆ. 'ಪಾಂಡವಪುರ ಸೇನೆ', 'ಪಾಂಡವಪುರ ಇತಿಹಾಸ' ಅಂತ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದು ನೋಡಿದೆ. ಸಿಕ್ಕಿದ್ದು ಬೆಟ್ಟ ಹತ್ತಿದವರ ಸೆಲ್ಫಿ, ಸೈಟು ಮಾರಾಟದ ಜಾಹೀರಾತು, ಭೀಮ ಬಕಾಸುರನನ್ನು ಕೊಂದ ಕಥೆ.

ನಮ್ಮ ಬಡಾವಣೆಯ ಲೈಬ್ರರಿಗೆ ನಾನು ಹೋಗುವುದು ಪೇಪರ್ ಓದೋಕೆ, ಅದೂ ಫ್ಯಾನ್ ಕೆಳಗಿನ ಕುರ್ಚಿ ಸಿಕ್ಕರೆ. ಒಂದು ದಿನ ಸುಮ್ನೆ ಲೈಬ್ರೇರಿಯನ್ ಮೇಡಂ ಹತ್ತಿರ ಈ ವಿಷಯ ತೆಗೆದೆ. ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಮೊದಲು ನನ್ನನ್ನೇ ವಿಚಾರಿಸಿಕೊಂಡರು.

"ಇದು ಯಾವ ಕಾಲದ್ದು ಸರ್?"

"ಅಜ್ಜಿಯ ತಾತ ಅಂದ್ರೆ 1870ರ ಆಸುಪಾಸು."

"ಅಜ್ಜಿ ಊರನ್ನ ಏನಂತ ಕರೀತಿದ್ರು?"

ಆಗ ತಲೆಗೆ ಹೊಳೆಯಿತು. ಅಜ್ಜಿ ಪಾಂಡವಪುರ ಅಂತ ಅಂದದ್ದೇ ಕಮ್ಮಿ. "ನಮ್ಮ ಹಿರೋಡೆ" ಅನ್ನುತ್ತಿದ್ದರು. ಅದು ಪಕ್ಕದ ಯಾವುದೋ ಹಳ್ಳಿ ಅಂದುಕೊಂಡಿದ್ದೆ!

ಮೇಡಂ ನಕ್ಕರು. "ಅದೇ ಊರು ಸರ್. ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂತ ಬರೀತಿದ್ರು. ಹಳೇ ಕಾಗದದಲ್ಲಿ ಈಗಿನ ಹೆಸರು ಹುಡುಕಿದ್ರೆ ಹೇಗೆ ಸಿಗತ್ತೆ?" ರಾಮನಗರ ಬೇಕಾದರೆ ಕ್ಲೋಸ್‌ಪೇಟೆ, ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ, ಚಿತ್ರದುರ್ಗಕ್ಕೆ ಚಿತಲ್‌ದ್ರೂಗ್ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿ ಇನ್ನೂ ಕನ್ನಡಕದ ಡಬ್ಬಿಯಲ್ಲಿದೆ.

ಆಮೇಲೆ ಷಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿ ತೆರೆದು ತೋರಿಸಿದರು. ಬ್ರಿಟಿಷರ ಕಾಲದಲ್ಲಿ ಊರೂರಿನ ವಿವರ ಬರೆದಿಟ್ಟ ಇಂಪೀರಿಯಲ್ ಗೆಜೆಟಿಯರ್‌ನ ಎಲ್ಲ ಸಂಪುಟಗಳೂ ಅಲ್ಲಿವೆ, ಪುಕ್ಕಟೆ. 12ನೇ ಸಂಪುಟದಲ್ಲಿ, ಎಫ್ ಅಕ್ಷರದ ಕೆಳಗೆ ನಮ್ಮಜ್ಜಿಯ ಊರು ಕೂತಿತ್ತು! ಹೈದರ್, ಟಿಪ್ಪು ಕೈಕೆಳಗಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಆ ಹೆಸರು ಬಂತಂತೆ. ಮುಂದೆ ಇಂಗ್ಲಿಷರ ದಂಡೂ ಅಲ್ಲಿತ್ತು. ನಮ್ಮವರು ಹಾಲು ಹಾಕಿದ್ದು ಆ ದಂಡಿಗೇ ಇರಬೇಕು.

ಈಗ ಮನೆಯಲ್ಲೇ ಇಂಟರ್ನೆಟ್ ಆರ್ಕೈವ್ ಅನ್ನುವ, ಹಳೇ ಪುಸ್ತಕಗಳಿರುವ ಜಾಲತಾಣ ಜಾಲಾಡುತ್ತಿದ್ದೇನೆ. ಅಲ್ಲಿ ಸುಮ್ನೆ ಹುಡುಕಿದರೆ ಪುಸ್ತಕದ ಹೆಸರು, ವಿವರ ಮಾತ್ರ ನೋಡುತ್ತದೆ. ಒಳಗಿನ ಪಠ್ಯದಲ್ಲಿ ಹುಡುಕು ಅನ್ನುವ ಆಯ್ಕೆ ಒತ್ತಬೇಕು. ಇದನ್ನೂ ಮೇಡಂ ಹೇಳಿಕೊಟ್ಟದ್ದು. ಫ್ರೆಂಚ್, ರಾಕ್ಸ್ ಎರಡು ಪದಕ್ಕೂ ಸೇರಿಸಿ ಉದ್ಧರಣ ಚಿಹ್ನೆ ಹಾಕದಿದ್ದರೆ ಫ್ರಾನ್ಸಿನ ಬಂಡೆಗಳೆಲ್ಲ ಉರುಳಿಕೊಂಡು ಬರುತ್ತವೆ. ಹಳೇ ಅಚ್ಚನ್ನು ಯಂತ್ರ ತಪ್ಪಾಗಿ ಓದುವುದೂ ಉಂಟು, ಆರ್ ಬದಲು ಬಿ ಅಂತ. ಹಾಗಾಗಿ 'ಬಾಕ್ಸ್' ಅಂತಲೂ ಹುಡುಕುತ್ತೇನೆ. ಹೆಂಡತಿಗೆ ಇದು ಹುಚ್ಚು ಅನಿಸಿದೆ.

ಅಜ್ಜಿಯ ತಾತನ ಹೆಸರು ಎಲ್ಲೂ ಇಲ್ಲ. ಹಾಲು ಹಾಕುವವನ ಹೆಸರು ಯಾರು ಬರೆದಿಡುತ್ತಾರೆ, ಅಲ್ವಾ? "ಸೇನೆಯ ಲೆಕ್ಕಪತ್ರ ಎಲ್ಲಾದರೂ ಇದ್ದೀತು, ರಾಷ್ಟ್ರೀಯ ಪತ್ರಾಗಾರದ ಜಾಲತಾಣ ಅಭಿಲೇಖ್ ಪಟಲ್‌ನಲ್ಲೂ ನೋಡೋಣ, ಶನಿವಾರ ಬನ್ನಿ" ಅಂದಿದ್ದಾರೆ ಮೇಡಂ. ಊಟದ ಹೊತ್ತಿಗೆ ಮಾತ್ರ ಬರಬೇಡಿ ಅಂತಲೂ ಅಂದರು.