ನಂದಿ ಏರಿನಲ್ಲಿ ಹರಿದ ಕೇಬಲ್ಲು

ನಂದಿ ಬೆಟ್ಟದ ಏರು ಅರ್ಧ ಮುಗಿದಿತ್ತು. ತಿರುವು ಬಂತು, ಇನ್ನೊಂದು ಗೇರ್ ಹಗುರ ಮಾಡೋಣ ಅಂತ ಬಲಗೈ ಲಿವರ್ ಒತ್ತಿದೆ. ಟಕ್ ಅಂತ ಸಣ್ಣ ಸದ್ದು. ಲಿವರ್ ಸತ್ತ ಹಾಗೆ ಒಳಗೆ ಹೋಯಿತು. ಹಿಂದೆ ಚೈನು ಕಟಕಟ ಅಂತ ಇಳಿದು ಕೊನೆಯ ಪುಟ್ಟ ಚಕ್ರದ ಮೇಲೆ ಕೂತಿತು. ಪೆಡಲ್ ಕಲ್ಲಾಯಿತು. ಬೀಳುವ ಮೊದಲು ಪೆಡಲಿಗೆ ಸಿಕ್ಕಿಸಿದ್ದ ಶೂ ಬಿಡಿಸಿಕೊಂಡಿದ್ದೇ ಪುಣ್ಯ.

ಹಿಂದಿನ ಗೇರಿನ ಕೇಬಲ್ಲು ಹರಿದರೆ ಹೀಗೇ ಆಗುವುದು. ಕೇಬಲ್ಲು ಹಿಡಿದಿಟ್ಟಿದ್ದ ಸ್ಪ್ರಿಂಗು, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರನ್ನು ಎಳೆದು ಅತಿ ಭಾರದ ಗೇರಿಗೆ ಹಾಕಿಬಿಡುತ್ತದೆ. ನನ್ನ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು, 11ರಿಂದ 32 ಹಲ್ಲಿನದು, ಮುಂದಿನ ಸಣ್ಣ ಚಕ್ರ 34. 32ರಲ್ಲಿ ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. 11ರಲ್ಲಿ ಆರೂವರೆ ಮೀಟರ್. ಪ್ರತಿ ಸುತ್ತಿಗೂ ಸುಮಾರು ಮೂರು ಪಟ್ಟು ಜೋರು ಹಾಕಬೇಕು. ಐವತ್ತು ದಾಟಿದ ಮಂಡಿಗೆ ಅದು ಆಗದ ಮಾತು.

ಮುಂದೆ ಹೋಗಿದ್ದ ಗೆಳೆಯ ಕಾದು ಕಾದು ವಾಪಸ್ ಇಳಿದು ಬಂದ. ಅವನದು ಗೇರಿಗೆ ಕೇಬಲ್ಲೇ ಎಳೆಯದ, ಎಲೆಕ್ಟ್ರಾನಿಕ್ ಗೇರಿನ ಹೊಸ ಸೈಕಲ್ಲು. ನನ್ನ ಸೈಕಲ್ಲನ್ನು ಒಮ್ಮೆ ನೋಡಿದ, ನನ್ನ ಮುಖ ನೋಡಿದ. "ಇನ್ನೂ ಎಷ್ಟು ದಿನ ಈ ದಾರ ಎಳೀತಾ ಇರ್ತೀಯೋ?" ಅಂದ. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಡಿರೇಲರಿನ ಮಿತಿ ಸ್ಕ್ರೂ ಪೂರಾ ಬಿಗಿ ಮಾಡಿದೆ. ಹಾಗೆ ಮಾಡಿದರೆ ಚೈನು ಪುಟ್ಟ ಚಕ್ರದಿಂದ ಒಂದೆರಡು ಚಕ್ರ ಆಚೆ ನಿಲ್ಲುತ್ತದೆ. 13 ಹಲ್ಲಿನ ಚಕ್ರ ಸಿಕ್ಕಿತು. ಬೆಟ್ಟಕ್ಕೆ ಕೈಮುಗಿದು ತಿರುಗಿದೆವು.

ಯಲಹಂಕದ ಮನೆವರೆಗೆ ಹಿಂದೆ ಅದೊಂದೇ ಗೇರು. ಸಮದಾರಿಯಲ್ಲಿ ಪರವಾಗಿಲ್ಲ, ಗಂಟೆಗೆ 25ರ ಮೇಲೆ ಆರಾಮಾಗಿ ಓಡುತ್ತಿತ್ತು. ಬಳ್ಳಾರಿ ರಸ್ತೆಯ ಫ್ಲೈಓವರ್‌ಗಳು ಮಾತ್ರ ಒಂದೊಂದೂ ಒಂದೊಂದು ನಂದಿ ಅನ್ನಿಸಿದವು. ದೇವನಹಳ್ಳಿಯಲ್ಲಿ ಇಡ್ಲಿಗೆ ನಿಂತಾಗ ಗೆಳೆಯ ತನ್ನ ಸೈಕಲ್ಲು ಕೊಟ್ಟು, "ಒಂದು ರೌಂಡ್ ಹೋಗಿ ಬಾ" ಅಂದ.

ಹೋದೆ. ಬೆರಳು ತಾಗಿಸಿದರೆ ಸಾಕು, ಹಿಂದೆ ಝುಂಯ್ ಅಂತ ಪುಟ್ಟ ಮೋಟರ್ ಸದ್ದು, ಗೇರ್ ಬಿದ್ದಿರುತ್ತದೆ. ನನಗೆ ನಿಜವಾಗಿ ಹೊಟ್ಟೆಕಿಚ್ಚು ಬಂದಿದ್ದು ಎಡಗೈ ಗುಂಡಿ ಒತ್ತಿದಾಗ. ಮುಂದಿನ ದೊಡ್ಡ ಚಕ್ರಕ್ಕೆ ಚೈನು ಹತ್ತಿಸಬೇಕಾದರೆ ನನ್ನ ಸೈಕಲ್ಲಿನಲ್ಲಿ ಲಿವರನ್ನು ಪೂರ್ತಿ ಒಳಗೆ ನೂಕಿ ಹಿಡಿಯಬೇಕು. ಹಿಂದಿನ ವರ್ಷ 300 ಕಿಲೋಮೀಟರ್ ಬ್ರೆವೆ ಮುಗಿಸಿದ್ದೆ, 20 ಗಂಟೆಯೊಳಗೆ ಮುಗಿಸಬೇಕಾದ ಸವಾರಿ. ಆಮೇಲೆ ಒಂದು ವಾರ ಎಡಗೈಯ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿ, ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕಾಯಿತು. ಹ್ಯಾಂಡಲ್ ಮೇಲೆ ಅಂಗೈ ಊರಿ ಊರಿ ನರ ಒತ್ತಿಹೋಗಿತ್ತು. ಅಂಥ ಕೈಗೆ ಈ ಗುಂಡಿ ಶೋಕಿಯಲ್ಲ.

ಮನೆಗೆ ಬಂದವನೇ ಲೆಕ್ಕಕ್ಕೆ ಕೂತೆ. ಎಲೆಕ್ಟ್ರಾನಿಕ್ ಗೇರೇನೂ ನಿನ್ನೆ ಮೊನ್ನೆಯ ಸಾಮಾನಲ್ಲ. ಫ್ರಾನ್ಸಿನ ಮಾವಿಕ್ 1990ರ ದಶಕದಲ್ಲೇ ಕೈಹಾಕಿತ್ತು, ನಿಲ್ಲಲಿಲ್ಲ. ಜಪಾನಿನ ಶಿಮಾನೊ 2009ರಲ್ಲಿ ತನ್ನ ಅತಿ ದುಬಾರಿ ಗೇರ್ ಸೆಟ್ಟು ಡ್ಯುರಾ-ಏಸ್‌ನಲ್ಲಿ ಡಿಐ2 ಅನ್ನುವ ಎಲೆಕ್ಟ್ರಾನಿಕ್ ಗೇರು ತಂದ ಮೇಲೆ ಬೇರೂರಿತು. 2015ರಲ್ಲಿ ಅಮೆರಿಕದ ಸ್ರ್ಯಾಮ್ ವೈರೇ ಇಲ್ಲದ್ದನ್ನು ತಂದಿತು. ನಮ್ಮಂಥವರು ಕಣ್ಣೆತ್ತಿ ನೋಡಿದ್ದು 2022ರಲ್ಲಿ, ಶಿಮಾನೊದ ಮಧ್ಯಮ ದರ್ಜೆಯ ಸೆಟ್ಟು 105ಕ್ಕೂ ಅದು ಬಂದಾಗ. ಮಧ್ಯಮ ಅಂದರೂ ಸೆಟ್ಟಿಗೆ ಲಕ್ಷ ದಾಟುತ್ತದೆ, ಅದು ಬೇರೆ ಮಾತು.

ದುಡ್ಡು ಹೇಗೋ ಹೊಂದಿಸಬಹುದಿತ್ತು. ಎಡವಿದ್ದು ಬ್ರೇಕಿನಲ್ಲಿ. ಆ ಎಲೆಕ್ಟ್ರಾನಿಕ್ 105 ಡಿಸ್ಕ್ ಬ್ರೇಕಿಗೆ ಮಾತ್ರ ಬರುತ್ತದೆ. ನನ್ನದು ಚಕ್ರದ ರಿಮ್ಮನ್ನೇ ಹಿಡಿಯುವ ಹಳೇ ಕಾಲದ ಬ್ರೇಕು. ಡಿಸ್ಕ್ ಬೇಕೆಂದರೆ ಫ್ರೇಮೂ ಬೇರೆ, ಚಕ್ರಗಳೂ ಬೇರೆ. ಅಂದರೆ ಗೇರ್ ಬದಲಿಸುವುದು ಅಂತ ನಾನು ಹೇಳಿಕೊಳ್ಳುತ್ತಿದ್ದದ್ದು ಸೈಕಲ್ಲನ್ನೇ ಬದಲಿಸುವುದು. ರಿಮ್ ಬ್ರೇಕಿಗೂ ಆಗುವ ಮೇಲಿನ ದರ್ಜೆಯ ಸೆಟ್ಟು ಇದೆ. ಅದರ ಬೆಲೆಯನ್ನು ಹೆಂಡತಿ ಇರುವಾಗ ಗಟ್ಟಿಯಾಗಿ ಓದಬಾರದು. ಅವಳಿಗೆ ಬೆಲೆಗಿಂತ ಹೆಚ್ಚು ನಗು ಬಂದಿದ್ದು ಇನ್ನೊಂದಕ್ಕೆ. "ಸೈಕಲ್‌ಗೂ ಚಾರ್ಜರ್ರಾ? ಇರೋ ಪ್ಲಗ್ಗು ಸಾಲ್ದು ಅಂತ ದಿನಾ ಜಗಳ ಆಡ್ತೀರಿ!"

ಚಾರ್ಜಿನ ಭಯ ಅಷ್ಟೇನೂ ಇಲ್ಲ ಬಿಡಿ. ಗೆಳೆಯನಿಗೆ ಒಮ್ಮೆ ತುಂಬಿಸಿದರೆ ತಿಂಗಳು ದಾಟುತ್ತದೆ. ಬ್ಯಾಟರಿ ಇಳಿದಾಗಲೂ ಒಮ್ಮೆಗೇ ಎಲ್ಲ ನಿಲ್ಲುವುದಿಲ್ಲ. ಮೊದಲು ಮುಂದಿನ ಗೇರು ಕೈಕೊಡುತ್ತದೆ, ಹಿಂದಿನದು ಇನ್ನಷ್ಟು ಹೊತ್ತು ನಡೆಯುತ್ತದೆ. ಮನೆ ಸೇರಲು ಅಷ್ಟು ಸಾಕು.

ಮಂಗಳವಾರ ಸೈಕಲ್ಲನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಗೇರ್ ಲಿವರಿನ ರಬ್ಬರ್ ಮಡಿಸಿ, ಟಾರ್ಚ್ ಬಿಟ್ಟು, ಸಣ್ಣ ಚಿಮಟದಿಂದ ಅವನು ಕೇಬಲ್ಲಿನ ತಲೆ ಹೊರಗೆ ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು. 1.2 ಮಿಲಿಮೀಟರ್ ದಪ್ಪದ ಕೇಬಲ್ಲು. ಲಿವರಿನ ಒಳಗೆ ಅದು ಬಿಗಿಯಾಗಿ ಬಾಗುವ ಒಂದು ಜಾಗ ಇದೆ. ಪ್ರತಿ ಗೇರಿಗೂ ಅಲ್ಲೇ ಬಾಗಿ ನೆಟ್ಟಗಾಗಿ, ಎಳೆ ಎಳೆಯಾಗಿ ಹರಿದು, ತುದಿ ಪೊರಕೆಯ ಹಾಗೆ ಬಿಚ್ಚಿಕೊಂಡಿತ್ತು.

"ಇದು ಒಂದೇ ದಿನ ಹರಿಯಲ್ಲ ಸಾರ್. ಗೇರ್ ಸರಿಯಾಗಿ ಬೀಳ್ತಿರಲಿಲ್ಲ ಅಲ್ವಾ?"

ಬೀಳುತ್ತಿರಲಿಲ್ಲ. ಎರಡು ವಾರದಿಂದ ದಿನಾ ಬೆಳಿಗ್ಗೆ ಕೇಬಲ್ ಬಿಗಿ ಮಾಡುವ ತಿರುಪನ್ನು ಒಂಚೂರು ತಿರುಗಿಸುತ್ತಿದ್ದೆ. ಒಂದೊಂದೇ ಎಳೆ ಹರಿದು ಕೇಬಲ್ಲು ಉದ್ದವಾಗುತ್ತಿತ್ತು, ನಾನು ಅದನ್ನೇ ಬಿಗಿ ಮಾಡುತ್ತಿದ್ದೆ. ಅಷ್ಟು ಸ್ಪಷ್ಟವಾಗಿ ಸೈಕಲ್ಲು ಹೇಳುತ್ತಿದ್ದರೂ ಈ ಮಂಡೆಗೆ ಹೊಳೆದಿರಲಿಲ್ಲ.

ಎಲೆಕ್ಟ್ರಾನಿಕ್ ಹಾಕಿಸುವ ಯೋಚನೆ ಇದೆ ಅಂದೆ. ಅವನು ಹಳೇ ಕೇಬಲ್ಲಿನ ಹೊರಕವಚ ಬಿಚ್ಚಿ ತೋರಿಸಿದ. ಒಳಗೆ ಮೂರು ವರ್ಷದ ಬೆವರು, ದೂಳು, ಮಳೆನೀರು ಕಲೆತು ಕರಿ ಅಂಟಾಗಿತ್ತು. "ಗೆಳೆಯರ ಹೊಸ ಮೋಟರಿಗೂ ಈ ಕೊಳೆಗೂ ಪಂದ್ಯ ಇಟ್ರೆ ಹೇಗೆ ಸಾರ್? ಮೊದಲು ಇದನ್ನ ಹೊಸದು ಹಾಕ್ತೀನಿ. ಆಮೇಲೆ ಅವರ ಗಾಡಿ ಇನ್ನೊಂದು ಸಲ ಓಡಿಸಿ ನೋಡಿ."

ಗೇರಿನವು ಎರಡು, ಬ್ರೇಕಿನವು ಎರಡು, ನಾಲ್ಕೂ ಕೇಬಲ್ಲು, ಕವಚ, ಕೂಲಿ ಎಲ್ಲ ಸೇರಿ ಎರಡು ಸಾವಿರದ ಒಳಗೇ ಮುಗಿಯಿತು.

ಮುಂದಿನ ಭಾನುವಾರ ಮತ್ತೆ ನಂದಿ. ಹಿಂದಿನ ಗೇರು ಬೆರಳು ಸೋಕಿದರೆ ಬೀಳುತ್ತಿತ್ತು. ಕೊನೆಯ ಕಡಿದಾದ ತಿರುವುಗಳಲ್ಲಿ ಬೇಕೆಂದೇ ಮೇಲೆ ಕೆಳಗೆ ಗೇರ್ ಹಾಕಿ ನೋಡಿದೆ, ಒಂದೂ ತಪ್ಪಲಿಲ್ಲ. ಮೇಲೆ ಗೆಳೆಯನ ಸೈಕಲ್ಲು ಇಸಕೊಂಡು ಮತ್ತೊಂದು ಸುತ್ತು ಹಾಕಿದೆ. ಬಲಗೈಗೆ ಈಗ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಎಡಗೈಗೆ ಕಂಡಿತು. ಅದು ಕೇಬಲ್ಲು ಹೊಸದಾದರೂ ಹೋಗುವಂಥದ್ದಲ್ಲ. ಅಲ್ಲಿ ಮೋಟರೇ ಮೇಲು.

"ತಗೊಳ್ತೀಯಾ?" ಅಂದ ಗೆಳೆಯ.

"ಈ ಫ್ರೇಮ್ ಇರೋವರೆಗೂ ಇಲ್ಲ ಕಣೋ. ಕೈ ಮೊದಲು ಹೋದ್ರೆ ನೋಡೋಣ."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆದಿಡುವ ಪಕ್ಕದಲ್ಲೇ, ಆ ಮಂಗಳವಾರದ ಮೇಲೆ "ಕೇಬಲ್ಲು" ಅಂತ ಬರೆದಿದ್ದೇನೆ. ಟೀವಿ ಕೇಬಲ್ಲಿನವನಿಗೆ ದುಡ್ಡು ಕೊಟ್ಟ ದಿನ ಅಂತ ಹೆಂಡತಿ ಅಂದುಕೊಂಡಿದ್ದಾಳೆ.