ಹಳೇ ಪಿಕಪ್‌ಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಗ್ಯಾರೇಜ್‌ನವನ ಮಾತು

ಗೋಣಿಕೊಪ್ಪದ ನಮ್ಮ ಗ್ಯಾರೇಜ್‌ಗೆ ವಯಸ್ಸಾದ ತೋಟದ ಮಾಲೀಕರು ಬಂದು ಕೇಳುವುದು ಈಗೀಗ ಜಾಸ್ತಿ: "ಈ ಪಿಕಪ್‌ಗೆ ಆಟೋಮ್ಯಾಟಿಕ್ ಹಾಕಿಕೊಡ್ತೀಯಾ? ಎಡಗಾಲಿನ ಮಂಡಿ ಕ್ಲಚ್ ತುಳಿಯೋಕೆ ಬಿಡಲ್ಲ." ಗಾಡಿ ಮಾರೋಕಂತೂ ಯಾರಿಗೂ ಮನಸ್ಸಿಲ್ಲ.

ಆಗುತ್ತೆ. ತೋಟದ ಗೇಟ್ ದಾಟದ ಒಂದು ಗಾಡಿಗೆ ಮಾಡಿಕೊಟ್ಟಿದ್ದೇನೆ. ಆದರೆ ಗೇರ್‌ಬಾಕ್ಸ್ ರೇಟು ಕೇಳಿಕೊಂಡು ಲೆಕ್ಕ ಹಾಕಿದರೆ ಕೆಟ್ಟಿರಿ. ಅದೇ ಎಂಜಿನ್‌ಗೆ ಕಂಪನಿಯೇ ಆಟೋಮ್ಯಾಟಿಕ್ ಕೊಟ್ಟಿದ್ದರೆ ಮಾತ್ರ ಕೈ ಹಾಕಿ. ಆಗಲೂ ಬಾಕ್ಸ್ ಒಂದನ್ನೇ ತರಬೇಡಿ, ಇಡೀ ಗುಜರಿ ಗಾಡಿ ತನ್ನಿ. ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್, ಫ್ಲೈವ್ಹೀಲ್ ಜಾಗಕ್ಕೆ ಬರುವ ಫ್ಲೆಕ್ಸ್ ಪ್ಲೇಟ್, ಆಯಿಲ್ ಕೂಲರ್, ಕಂಟ್ರೋಲ್ ಯೂನಿಟ್, ವೈರಿಂಗ್, ಎಲ್ಲಾ ಬೇಕು. ಬಾಕ್ಸ್‌ನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಉದ್ದವೂ ಬದಲಾಗುತ್ತೆ. ಕಡಿಸಿ ಬ್ಯಾಲೆನ್ಸ್ ಮಾಡಿಸದಿದ್ದರೆ ಸ್ಪೀಡ್ ಏರಿದಂತೆ ಗಾಡಿ ನಡುಗುತ್ತೆ.

ನಾನು ಹುಡುಗರಿಗೆ ಪಕ್ಕದಲ್ಲೇ ನಿಂತು ತೋರಿಸುವುದು ಬಾಕ್ಸ್‌ಗೆ ಕನ್ವರ್ಟರ್ ಕೂರಿಸುವುದನ್ನು. ಒತ್ತಿ ಹಿಡಿದು ತಿರುಗಿಸುತ್ತಾ ಹೋದರೆ ಅದು ಟಕ್, ಟಕ್ ಅಂತ ಹಂತ ಹಂತವಾಗಿ ಒಳಗೆ ಇಳಿಯುತ್ತೆ. ಕೊನೆಯದು ಬಾಕ್ಸ್ ಒಳಗಿನ ಆಯಿಲ್ ಪಂಪ್‌ಗೆ ಕಚ್ಚಿಕೊಳ್ಳುವ ಹಂತ. ಅಷ್ಟು ಇಳಿಯದೆ ಬೆಲ್ ಹೌಸಿಂಗ್ (ಬಾಕ್ಸನ್ನು ಎಂಜಿನ್‌ಗೆ ಸೇರಿಸುವ ಮುಂದಿನ ಕವಚ) ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತೆ. ಹೌಸಿಂಗ್ ಕೈಯಲ್ಲಿ ತಳ್ಳಿದಾಗಲೇ ಎಂಜಿನ್‌ಗೆ ಕೂಡಬೇಕು, ಬೋಲ್ಟ್‌ನಿಂದ ಎಳೆಸಬಾರದು.

ಓಡಿಸುವ ಅಭ್ಯಾಸವೂ ಬದಲಾಗಬೇಕು. ಕಾಫಿ ಮೂಟೆ ಹೇರಿಕೊಂಡು ಸಂಪಾಜೆ ಘಾಟಿ ಹತ್ತಿದರೆ ಬಾಕ್ಸ್ ಆಯಿಲ್ ಕಾಯುತ್ತೆ, ಕೂಲರ್ ಸಣ್ಣದಾದರೆ ನಡೆಯಲ್ಲ. ಇಳಿಯುವಾಗ ಲಿವರ್ ಡಿ (ಡ್ರೈವ್) ಯಲ್ಲೇ ಬಿಟ್ಟು ಬ್ರೇಕ್ ನಂಬಬೇಡಿ, ಲೋ ಗೇರ್‌ಗೆ ತನ್ನಿ. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಕೊಡಗಿನ ವಿದ್ಯೆ ಇದಕ್ಕೆ ಉಪಯೋಗವಿಲ್ಲ. ಮಳೆಗಾಲದಲ್ಲಿ ಕೆಟ್ಟು ನಿಂತರೆ ಹಿಂದಿನ ಚಕ್ರ ನೆಲದಲ್ಲಿಟ್ಟು ಟೋಚನ್ ಹಾಕಿ ದೂರ ಎಳೆಯುವುದೂ ಬೇಡ. ಎಂಜಿನ್ ಓಡದಿದ್ದರೆ ಪಂಪ್ ಓಡಲ್ಲ, ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗಿ ಸುಟ್ಟುಹೋಗುತ್ತವೆ.

ಇನ್ನು ಕಾಗದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ರೋಡಿಗೆ ಇಳಿಯುವ ಗಾಡಿಯಾದರೆ ಮೊದಲು ಮಡಿಕೇರಿ ಆರ್‌ಟಿಒ, ಆಮೇಲೆ ನನ್ನ ಸ್ಪಾನರ್.

ಮಂಡಿ ನೋವು ಅಂತ ಬಂದವರ ಕ್ಲಚ್ ಪೆಡಲ್ ನಾನೇ ಒಮ್ಮೆ ತುಳಿದು ನೋಡುತ್ತೇನೆ. ಪ್ರೆಶರ್ ಪ್ಲೇಟ್ ಸವೆದು, ಕೇಬಲ್ ಒಣಗಿ ಪೆಡಲ್ ಕಲ್ಲಾಗಿರುತ್ತೆ. ಮೊನ್ನೆ ಪೊನ್ನಂಪೇಟೆ ಕಡೆಯ ಒಬ್ಬರಿಗೆ ಕ್ಲಚ್ ಸೆಟ್, ಕೇಬಲ್ ಎರಡೂ ಬದಲಿಸಿಕೊಟ್ಟೆ. "ಇಷ್ಟು ಹಗುರ ಇತ್ತಾ ಇದು!" ಅಂದರು. ಅವರ ಮಗನಿಗೆ ಮಾತ್ರ ಸಮಾಧಾನವಿಲ್ಲ, ಇನ್ನೂ ಗುಜರಿ ಗಾಡಿ ಹುಡುಕುತ್ತಿದ್ದಾನೆ.