ಪಿಕಪ್‌ಗೆ ಏನು ಹಾಕಿಸಿದೆ, ಏನು ಬಿಟ್ಟೆ

ಹಳೇ ಪಿಕಪ್ ಮಾರುವ ಮೊದಲು ಹಿಂದಿನ ಬಾಡಿಯ ರಬ್ಬರ್ ಮ್ಯಾಟ್ ಎತ್ತಿ ನೋಡಿದೆ. ಮೂಲೆಯಲ್ಲೆಲ್ಲ ನೀಲಿ-ಹಸಿರು ಕರೆ. ಬೆರಳಲ್ಲಿ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿದು, ಕೆಳಗೆ ಅಂಗಳದ ಮಣ್ಣು ಕಾಣಿಸಿತು. ಮೈಲುತುತ್ತದ (ಕಾಪರ್ ಸಲ್ಫೇಟ್) ಕೆಲಸ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುವವರಿಗೆ ಲೆಕ್ಕ ಗೊತ್ತು, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ನಾವು ಮೈಲುತುತ್ತವನ್ನು ಮನೆಯಲ್ಲೇ ಕರಗಿಸಿ ಡ್ರಮ್ಮಿನಲ್ಲಿ ತೋಟಕ್ಕೆ ಒಯ್ಯುತ್ತಿದ್ದೆವು, ಅದು ದಾರಿಯುದ್ದಕ್ಕೂ ತುಳುಕಿ ಮ್ಯಾಟಿನಡಿ ಇಳಿದು ಅಲ್ಲೇ ಕೂತಿರುತ್ತಿತ್ತು. ಸುಣ್ಣ ಸೇರದ ಆ ನೀರು ಕಬ್ಬಿಣವನ್ನು ಸುಮ್ನೆ ಬಿಡುವುದಿಲ್ಲ.

ಹಾಗಾಗಿ ಹೊಸ ಗಾಡಿ ಬುಕ್ ಮಾಡುವಾಗ ನನ್ನ ತಲೆಯಲ್ಲಿ ಇದ್ದದ್ದು ನೆಲ ಒಂದೇ. ಶೋರೂಮಿನ ಹುಡುಗ ಹೊಳೆಯುವ ಅಲ್ಯೂಮಿನಿಯಂ ಚೆಕರ್ ಶೀಟ್ ತೋರಿಸಿ "ಇದಕ್ಕೆ ತುಕ್ಕೇ ಹಿಡಿಯಲ್ಲ ಸಾರ್" ಅಂದ. ತುಕ್ಕು ಹಿಡಿಯಲ್ಲ ನಿಜ, ಆದರೆ ಮೈಲುತುತ್ತ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಬೇಡ ಅಂದೆ. ಒಬ್ಬನೇ ಎತ್ತಿ ತೊಳೆಯಲು ಆಗುವ ಹಾಗೆ ಎರಡು ತುಂಡಿನ ರಬ್ಬರ್ ಮ್ಯಾಟ್ ಹಾಕಿಸಿದೆ. ಜೊತೆಗೆ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಬಕೆಟ್ ತಂದೆ. ಈಗ ಮೈಲುತುತ್ತ ಅದರಲ್ಲಿ ಒಣಗಿದ್ದೇ ಹೋಗುತ್ತದೆ, ಕರಗಿಸುವುದು ತೋಟದಲ್ಲಿ.

ಗಾಡಿಯ ಅಡಿಭಾಗಕ್ಕೆ ಆಂಟಿ-ರಸ್ಟ್ ಕೋಟಿಂಗ್ ಮಾಡಿಸಿದೆ. ಇದರಲ್ಲೊಂದು ಎಚ್ಚರ ಬೇಕು. ಬಾಗಿಲಿನ ಅಡಿ, ಬಾಡಿಯ ಅಡಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಕೋಟಿಂಗ್ ಅವನ್ನೇ ಮುಚ್ಚಿಬಿಟ್ಟರೆ ನೀರು ಒಳಗೇ ನಿಂತು, ತುಕ್ಕಿಗೆ ನಾವೇ ದುಡ್ಡು ಕೊಟ್ಟ ಹಾಗೆ. ತಂತಿ ಹಿಡಿದು ಮಲಗಿ ನೋಡಿದೆ, ಎರಡು ಮುಚ್ಚಿತ್ತು.

ಎ.ಸಿ. ವಿಷಯಕ್ಕೆ ಮನೆಯಲ್ಲಿ ದೊಡ್ಡ ಗಲಾಟೆ. "ತೀರ್ಥಹಳ್ಳಿಯಲ್ಲಿ ಎ.ಸಿ. ಯಾಕೋ, ನೀನೇನು ಬಳ್ಳಾರಿಯಲ್ಲಿ ಇದ್ದೀಯಾ?" ಅಂದರು ಅಪ್ಪಯ್ಯ. ಸೆಕೆಗಲ್ಲ ಅಂತ ಅವರಿಗೆ ಹೇಳಿ ಒಪ್ಪಿಸಲು ಒಂದು ಮಳೆಗಾಲವೇ ಬೇಕಾಯಿತು. ಜುಲೈಯಲ್ಲಿ ಮೂರು ಜನ ಒದ್ದೆ ಬಟ್ಟೆಯಲ್ಲಿ ಕ್ಯಾಬಿನ್ ಹತ್ತಿ ಗಾಜು ಏರಿಸಿದರೆ ಐದು ನಿಮಿಷಕ್ಕೆ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಗುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಬಟ್ಟೆ, ಹಾಗೆ ಆಗುಂಬೆ ಘಾಟಿಯ 14 ತಿರುವು ಇಳಿದವರಿಗೆ ಗೊತ್ತು ಅದರ ಕಷ್ಟ. ಎ.ಸಿ. ಗಾಳಿಯ ತೇವ ಹೀರುವುದರಿಂದ ಗಾಜು ಬೇಗ ತಿಳಿಯಾಗುತ್ತದೆ. ಈಗ ಮಂಜು ಕಟ್ಟಿದ ಕೂಡಲೇ ಸ್ವಿಚ್ ಒತ್ತುವವರು ಅಪ್ಪಯ್ಯನೇ.

ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಸಿಗುವ ಗಾಡಿ, ಬೇಡ ಅಂತ ಬಿಟ್ಟೆ. ಭಾವನಿಗೆ ಇವತ್ತಿಗೂ ಬೇಜಾರಿದೆ. ನಮ್ಮ ತೋಟದ ಏರು ಜಾರುವುದು ಮಳೆಗಾಲದಲ್ಲಿ, ಅದೂ ಗಾಡಿ ಖಾಲಿ ಇದ್ದಾಗ. ಪಿಕಪ್ ಖಾಲಿಯಾದರೆ ಹಿಂದೆ ಭಾರವೇ ಇರಲ್ಲ ಅಲ್ವಾ, ಚಕ್ರ ನಿಂತಲ್ಲೇ ತಿರುಗುತ್ತದೆ. ಹಿಂದಿನ ಆಕ್ಸಲ್ ಮೇಲೆ ನಾಲ್ಕು ಮರಳಿನ ಚೀಲ ಬಿಗಿಯಾಗಿ ಕಟ್ಟಿ, ಹಿಂದಕ್ಕೆ ದಪ್ಪ ಕಚ್ಚಿನ ಲಗ್ ಟೈರ್ ಹಾಕಿಸಿದೆ. ಈ ಸಲ ಒಂದು ದಿನ ಬಿಟ್ಟರೆ ಉಳಿದೆಲ್ಲ ದಿನ ಹತ್ತಿತು. ಆ ದಿನ ಟ್ರ್ಯಾಕ್ಟರ್ ತಂದು ಎಳೆದವನು ಭಾವನೇ. ಏನೂ ಮಾತಾಡಲಿಲ್ಲ, ಸುಮ್ನೆ ನಗುತ್ತಿದ್ದ.

ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ಬುಲ್ ಗಾರ್ಡ್ ನೋಡಲು ಜೋರಾಗಿದೆ, ಆದರೆ ಅದು ನಿಷೇಧ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದನ್ನು ತಡೆಯಿರಿ ಅಂತ ರಾಜ್ಯಗಳಿಗೆ ಬರೆದಿತ್ತು. ಬಿಳಿ ಎಲ್‌ಇಡಿ ಬಾರ್ ಕೂಡ ಬೇಡ. ಘಾಟಿಯ ಮಂಜಿನಲ್ಲಿ ಆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಬಂಪರಿನಲ್ಲಿ ತಗ್ಗಾಗಿ ಎರಡು ಹಳದಿ ಫಾಗ್ ಲ್ಯಾಂಪ್ ಸಾಕು, ರಸ್ತೆಯ ಅಂಚು ಕಾಣಿಸುತ್ತದೆ.

ಕೊನೆಯದು ತಾಡಪಾಲು. ಕಮಾನಿನ ಪೈಪ್ ಇಲ್ಲದಿದ್ದರೆ ಮಧ್ಯದಲ್ಲಿ ನೀರು ನಿಂತು ಕೆರೆಯಾಗುತ್ತದೆ, ಅಡಿಯ ಚೀಲ ಒದ್ದೆಯಾದರೆ ಮಂಡಿಯಲ್ಲಿ ಅಡಿಕೆ ರೇಟಿಗೆ ಕತ್ತರಿ. ಪೈಪ್ ಕೂರಿಸಲು, ಹಗ್ಗದ ಕೊಕ್ಕೆಗೆ ಊರಿನ ವೆಲ್ಡಿಂಗ್ ಶಾಪಿಗೇ ಹೋದೆ. ಈಗಿನ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿ ವಯರ್ ತೆಗೆಯದಿದ್ದರೆ ಇಂಜಿನ್ ಕಂಟ್ರೋಲ್ ಯೂನಿಟ್ಟೇ ಸುಡಬಹುದು. ವೆಲ್ಡಿಂಗಿನವನು ರಾಡ್ ಸಿಕ್ಕಿಸಿ ಕನ್ನಡಕ ಹಾಕಿಯಾಗಿತ್ತು, ನಾನು ಸ್ಪ್ಯಾನರ್ ಹುಡುಕುತ್ತ "ತಡಿ ಮಾರಾಯ, ತಡಿ" ಅಂತ ಕೂಗುತ್ತಿದ್ದೆ.